ಗುಂಡು ಹಾರಿದ ಮೇಲೆ

ಹೋದ ವರ್ಷದ ನವರಾತ್ರಿಯಲ್ಲಿ, ಟೆಕ್ಸಸ್ ರಾಜ್ಯದಲ್ಲಿ ನೆಲೆಸಿರುವ ನನ್ನ ಕಿರಿಯ ಮಿತ್ರರೊಬ್ಬರ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆ. ಅದಕ್ಕೆ ಒಂದು ತಿಂಗಳ ಹಿಂದೆ, ಮನೆಮಂದಿಯೆಲ್ಲ ಗಣೇಶನ ಹಬ್ಬದ ಕಾರ್ಯಕ್ರಮಕ್ಕೆಂದು ಹೋಗಿದ್ದ ಸಂಜೆ, ಹಿತ್ತಿಲ ಕಡೆಯ ಗಾಜಿನ ಬಾಗಿಲನ್ನೊಡೆದು ಒಳಹೊಕ್ಕ ಕಳ್ಳರು, ಟಿ.ವಿ.ಯನ್ನಾಗಲಿ ಕಂಪ್ಯೂಟರನ್ನಾಗಲಿ ಮುಟ್ಟದೆ, ನೇರವಾಗಿ ಮಲಗುವ ಕೋಣೆಯ ಬೀರುವಿಗೇ ಕೈಹಾಕಿ, ಗೃಹಿಣಿಯ ಕಾಸಿನಸರವನ್ನೂ ಅವರ ಅತ್ತೆಯವರ ನಾಲ್ಕು ಬಳೆಗಳನ್ನೂ ಒಯ್ದಿದ್ದರು. ಭಾರತೀಯರ ಮನೆಯಲ್ಲಿ ಚಿನ್ನವಿರುತ್ತದೆಂಬ ಸುದ್ದಿ ಈ ದೇಶದ ಕಳ್ಳರಿಗೆ ಮುಟ್ಟಿ ಬಹಳ ವರ್ಷಗಳಾದುವು. ಆ ವಾರವೇ ಮಿತ್ರರು ಅಂಗಡಿಗೆ ಹೋಗಿ ಒಂದು ಪಿಸ್ತೂಲನ್ನು ಕೊಂಡು ತಂದರಂತೆ. ಊಟವಾದ ಮೇಲೆ ಮಹಡಿಯಿಂದ ಬೂದುಬಣ್ಣದ ಸಣ್ಣದೊಂದು ಉಕ್ಕಿನ ಪೆಟ್ಟಿಗೆಯನ್ನಿಳಿಸಿಕೊಂಡು ಬಂದು, ಹೆಬ್ಬೆರಳನ್ನೊತ್ತಿ ಮುಚ್ಚಳ ತೆರೆದು, ಅದನ್ನು ನನಗೆ ತೋರಿಸಿದರು. ಮರುದಿನದ ಆಯುಧಪೂಜೆಗೆಂದು ಕಾರಿನ ಬೀಗದಕೈ, ಲ್ಯಾಪ್‌ಟಾಪು, ಮೊಮ್ಮಗಳ ಪಿಟೀಲು ಇವನ್ನೆಲ್ಲ ಮೇಜಿನ ಮೇಲೆ ಹೊಂದಿಸಿಡುತ್ತಿದ್ದ ಅವರ ತಾಯಿ, ಹಾಸನದ ಕಡೆಯವರು, ಕನ್ನಡಕವನ್ನು ಸರಿಪಡಿಸಿಕೊಂಡು ಬಗ್ಗಿ ನೋಡಿ, “ಇದನ್ನೂ ಇಡ್ಬೇಕೇನೋ ಮಗು? ನಮ್ಮನೇಲಿ ನಿಜವಾದ ಆಯುಧ ಅಂದ್ರೆ ಇದೊಂದೇ” ಎಂದರು. ಎಲ್ಲರೂ ನಕ್ಕೆವು. ಸೊಸೆ ಮಾತ್ರ ನಗಲಿಲ್ಲ.

ಆಯುಧವನ್ನು ಪೂಜಿಸುವುದು ನಮಗೇನೂ ಹೊಸತಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವೇರಿಸುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು ಗುಂಡನ್ನೂ ಸಾವಾದಾಗ ಎರಡು ಗುಂಡನ್ನೂ ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವ ವಾಡಿಕೆ ಅಲ್ಲಿ ಉಂಟು. ಪರವಾನಗಿಯಿಲ್ಲದೆ ಕೋವಿಯನ್ನಿಟ್ಟುಕೊಳ್ಳಲು ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿಯುಳ್ಳವರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಆದರೆ ಆ ಕೋವಿ ತೋಟದ್ದು, ಕಾಡಿನದು, ಸಮಾರಂಭದ್ದು. ದಿಂಬಿನ ಪಕ್ಕದ ಪಿಸ್ತೂಲು ಬೇರೆಯೇ ಜಾತಿಯದು. ಹತ್ತಿರ ಬಂದ ಮನುಷ್ಯನನ್ನು ಬೀಳಿಸುವುದಲ್ಲದೆ ಅದಕ್ಕೆ ಬೇರೊಂದು ಉಪಯೋಗವಿಲ್ಲ.

“ಸಾರ್, ಮನೆಯೊಳಕ್ಕೆ ನುಗ್ಗಿದವನಿಗೆ ಗುಂಡು ಹೊಡೆದ್ರೆ ಟೆಕ್ಸಸ್‌ನಲ್ಲಿ ಕೇಸೇ ಆಗೋಲ್ಲವಂತೆ. ನೀವು ಕೋರ್ಟು ಕಂಡವರು, ಹೇಳಿ” ಎಂದರು ಮಿತ್ರರು.

ನಾನು ವಕೀಲನಲ್ಲ. ಉದ್ಯೋಗದಿಂದ ನಿವೃತ್ತನಾದ ಮೇಲೆ ಕೆಲವು ಕಾಲ ನ್ಯಾಯಾಲಯಗಳಲ್ಲಿ ಕನ್ನಡದ ದುಭಾಷಿಯಾಗಿ ಕೂತು, ಅನ್ಯರ ಮಾತನ್ನು ಅತ್ತಿಂದಿತ್ತ ಸಾಗಿಸುವ ಕೆಲಸ ಮಾಡಿದವನು; ಹೊಳೆ ದಾಟಿಸುವ ಅಂಬಿಗನಿಗೆ ಹೊಳೆಯ ಸುಳಿಗಳ ಪರಿಚಯ ಎಷ್ಟಿರುತ್ತದೆಯೋ ನನಗೂ ಅಷ್ಟೇ. ಅವರ ಮಾತು ಅರ್ಧ ನಿಜವೆಂದು ಹೇಳಿದೆ. ಬಲಾತ್ಕಾರವಾಗಿ ಮನೆಯೊಳಕ್ಕೆ ನುಗ್ಗಿದವನ ಮೇಲೆ ಬಲಪ್ರಯೋಗ ಮಾಡಿದವನ ನಂಬಿಕೆ ಸಮಂಜಸವಾದದ್ದೆಂದೇ ಊಹಿಸತಕ್ಕದ್ದೆಂದೂ, ಅವನು ಹಿಮ್ಮೆಟ್ಟಬೇಕಾದ ಅಗತ್ಯವಿಲ್ಲವೆಂದೂ, ಅವನ ಕೃತ್ಯ ನ್ಯಾಯಸಮ್ಮತವಾಗಿದ್ದಲ್ಲಿ ಸಿವಿಲ್ ದಾವೆಯಿಂದಲೂ ಅವನಿಗೆ ರಕ್ಷಣೆಯುಂಟೆಂದೂ ಟೆಕ್ಸಸ್ಸಿನ 2007ರ ಕಾಯಿದೆ ಹೇಳುತ್ತದೆ. ಆದರೆ “ನ್ಯಾಯಸಮ್ಮತವಾಗಿದ್ದಲ್ಲಿ” ಎಂಬ ಆ ಪುಟ್ಟ ಮಾತು ಸತ್ಯವೋ ಅಲ್ಲವೋ ಎಂಬುದನ್ನು ತೀರ್ಮಾನಿಸತಕ್ಕವರು ಗುಂಡು ಹೊಡೆದ ಗೃಹಸ್ಥರಲ್ಲ. ಮೊದಲು ಪೊಲೀಸರು, ಆಮೇಲೆ ಸರ್ಕಾರಿ ವಕೀಲರು, ಆಮೇಲೆ ಗ್ರ್ಯಾಂಡ್ ಜೂರಿಯ ಹನ್ನೆರಡು ಮಂದಿ. ಆ ಹನ್ನೆರಡರಲ್ಲಿ ಒಂಬತ್ತು ಮಂದಿ ಒಪ್ಪಿದರೆ ಆರೋಪಪಟ್ಟಿ. ಒಪ್ಪದಿದ್ದರೆ ಮನೆಗೆ ಹೋಗಬಹುದು. ಆದರೆ ಅದು ಖುಲಾಸೆಯ ತೀರ್ಪಲ್ಲ. ಹೊಸ ಸಾಕ್ಷ್ಯ ದೊರೆತರೆ ಮತ್ತೊಂದು ಗ್ರ್ಯಾಂಡ್ ಜೂರಿಯ ಮುಂದೆ ಅದೇ ಸಂಗತಿಯನ್ನು ಇಡುವುದಕ್ಕೆ ಅಡ್ಡಿಯಿಲ್ಲ, ಕೊಲೆಯ ಆರೋಪಕ್ಕೆ ಅಲ್ಲಿ ಕಾಲಮಿತಿಯೂ ಇಲ್ಲ.

ಅದಕ್ಕೂ ಮೊದಲಿನ ರಾತ್ರಿಯನ್ನು ಯಾರೂ ಯೋಚಿಸುವುದಿಲ್ಲ. 911ಕ್ಕೆ ಮಾಡಿದ ಕರೆ, ಫೋನು ಎತ್ತಿದ ಗಳಿಗೆಯಿಂದ, ಧ್ವನಿಮುದ್ರಿತವಾಗುತ್ತದೆ. ಹಿಂದಿನಿಂದ ಕೇಳಿಬರುವ ಹೆಂಡತಿಯ ಅಳುವೂ ಮಕ್ಕಳ ಕೂಗೂ ಅದರಲ್ಲಿ ಸೇರುತ್ತವೆ. ಪಿಸ್ತೂಲು ಸಾಕ್ಷ್ಯವಾಗಿ ಚೀಲ ಸೇರುತ್ತದೆ. ಉಟ್ಟ ಬಟ್ಟೆಯನ್ನೂ ಕೇಳಬಹುದು. ಅಂಗೈಯನ್ನು ಒರೆಸಿ ಮದ್ದಿನ ಕಣಗಳನ್ನು ಹುಡುಕಬಹುದು. ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ ಪ್ರಶ್ನಿಸಬಹುದು. ಇಷ್ಟೆಲ್ಲ ಮುಗಿದ ಮೇಲೆ ನೆಲದ ಮೇಲಿನ ರಕ್ತವನ್ನು ತೊಳೆಯಿಸತಕ್ಕ ಹೊಣೆ ಮನೆಯವರದೇ ಹೊರತು ಸರ್ಕಾರದ್ದಲ್ಲ. ಇದನ್ನು ಕೇಳಿದ ತಾಯಿ ಕುಂಕುಮದ ಬಟ್ಟಲನ್ನು ಕೆಳಗಿಟ್ಟು, “ಹೊಸ್ತಿಲಲ್ಲಿ ಒಂದು ಹೆಣ ಬಿದ್ದ ಮನೇಲಿ ನಾಳೆ ದೇವರ ದೀಪ ಎಲ್ಲಿ ಹಚ್ಚೋದಪ್ಪ?” ಎಂದು ಕೇಳಿದರು. ಟೆಕ್ಸಸ್ಸಿನ ಕಾಯಿದೆಯಲ್ಲಿ ಅದಕ್ಕೆ ಉತ್ತರವಿಲ್ಲ.

ಎತ್ತಿದ ಚೂರಿಯ ಮುಂದೆ ನಿಂತವನಿಂದ ಶಾಂತಚಿತ್ತದ ಆಲೋಚನೆಯನ್ನು ಅಪೇಕ್ಷಿಸಬಾರದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಹೋಮ್ಸ್ ಎಂಬ ನ್ಯಾಯಮೂರ್ತಿಗಳು 1921ರಷ್ಟು ಹಿಂದೆಯೇ ಅಭಿಪ್ರಾಯಪಟ್ಟರು. ಕೆಲಸದ ಜಾಗದಲ್ಲಿ ಚೂರಿ ಹಿಡಿದು ಬಂದವನನ್ನು ಪಿಸ್ತೂಲಿನಿಂದ ಕೊಂದ ಬ್ರೌನ್ ಎಂಬಾತನ ಮೊಕದ್ದಮೆ ಅದು, ಟೆಕ್ಸಸ್ಸಿನದೇ. ಉದಾರವಾದ ಮಾತು, ಸಂದೇಹವಿಲ್ಲ. ಆದರೆ ಒಂದು ಕ್ಷಣದಲ್ಲಿ ಆಲೋಚನೆಯಿಲ್ಲದೆ ನಡೆದದ್ದನ್ನು, ಗಡಿಯಾರದ ಗೊಡವೆಯಿಲ್ಲದೆ ತಿಂಗಳುಗಟ್ಟಲೆ ಆಲೋಚಿಸಿ ಅಳೆಯುವವರ ಕೈಗೆ ಒಪ್ಪಿಸುವುದನ್ನು ಆ ಉದಾರತೆಯೂ ತಪ್ಪಿಸಲಾರದು. ರುಜುವಾತಿನ ಹೊಣೆ ಯಾರದೆಂಬುದರಲ್ಲಿಯೂ ಒಂದೊಂದು ಕಡೆ ಒಂದೊಂದು ಬಗೆ. ನಮ್ಮ ದೇಶದಲ್ಲಿ, ಆತ್ಮರಕ್ಷಣೆಯ ಹಕ್ಕನ್ನು 1860ರ ದಂಡಸಂಹಿತೆಯ 96ನೆಯ ಕಲಮಿನಿಂದ 106ರವರೆಗೆ ವಿಸ್ತಾರವಾಗಿ ಕೊಟ್ಟು—ಅವೇ ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು—ಅದನ್ನು ತೋರಿಸಿಕೊಡುವ ಭಾರವನ್ನು ಮಾತ್ರ ಸಾಕ್ಷ್ಯ ಅಧಿನಿಯಮವು ಆಪಾದಿತನ ಮೇಲೆಯೇ ಹೊರಿಸಿತ್ತು. ಅಮೆರಿಕದಲ್ಲಿ ಈಗ ಆ ಭಾರ ಸರ್ಕಾರದ್ದು. ಒಹಾಯೊ ರಾಜ್ಯ ಮಾತ್ರ 2019ರವರೆಗೂ ಆಪಾದಿತನ ಹೆಗಲ ಮೇಲೆಯೇ ಅದನ್ನು ಉಳಿಸಿಕೊಂಡಿತ್ತು.

ಮಿತ್ರರಿಗೆ ಎರಡು ಕಥೆಗಳನ್ನು ಹೇಳಿದೆ. ಒಂದು ಪ್ರಸಿದ್ಧವಾದದ್ದು. 1984ರ ಡಿಸೆಂಬರ್ 22ರಂದು ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಬರ್ನಾರ್ಡ್ ಗೆಟ್ಜ್ ಎಂಬವನನ್ನು ನಾಲ್ವರು ಯುವಕರ ಗುಂಪಿನವನೊಬ್ಬ ಐದು ಡಾಲರ್ ಕೇಳಿದ. ಗೆಟ್ಜ್ ಪರವಾನಗಿಯಿಲ್ಲದ ರಿವಾಲ್ವರನ್ನು ತೆಗೆದು ಐದು ಗುಂಡು ಹಾರಿಸಿದ. ನಾಲ್ವರೂ ಗಾಯಗೊಂಡರು, ಒಬ್ಬನಂತೂ ಮತ್ತೆ ಏಳದಂತಾದ. ಒಂಬತ್ತು ದಿನಗಳ ತರುವಾಯ ನ್ಯೂ ಹ್ಯಾಂಪ್‌ಷೈರಿನಲ್ಲಿ ಪೊಲೀಸರಿಗೆ ಶರಣಾಗಿ, ಯಂತ್ರ ಮುದ್ರಿಸಿಕೊಳ್ಳುತ್ತಿರುವಾಗಲೇ, ಅವರನ್ನು ಕೊಲ್ಲಬೇಕೆಂದೇ ತನಗಿತ್ತೆಂದು ಗಂಟೆಗಟ್ಟಲೆ ಹೇಳಿಕೊಂಡ. 1987ರಲ್ಲಿ ಜೂರಿಯವರು ಕೊಲೆಯತ್ನದ ಆರೋಪದಿಂದ ಅವನನ್ನು ಬಿಡಿಸಿ, ಅಕ್ರಮ ಆಯುಧಕ್ಕಾಗಿ ಮಾತ್ರ ದೋಷಿಯೆಂದರು. ಎಂಟು ತಿಂಗಳ ಸೆರೆವಾಸದಲ್ಲಿ ಅದು ತೀರಿತು. ತೀರಿತೆಂದು ಅವನೂ ಎಣಿಸಿದ್ದಿರಬೇಕು. ಆದರೆ 1996ರಲ್ಲಿ, ಏಳಲಾರದೆ ಹೋದ ಯುವಕನ ಸಿವಿಲ್ ದಾವೆಯಲ್ಲಿ ಬೇರೊಂದು ಜೂರಿ ಅವನ ಮೇಲೆ 4 ಕೋಟಿ 30 ಲಕ್ಷ ಡಾಲರುಗಳ ಪರಿಹಾರವನ್ನು ವಿಧಿಸಿತು. ಅವನು ಪಾಪರ್ ಅರ್ಜಿ ಹಾಕಿದ. ಆದರೆ ಬೇಕೆಂದೇ, ದುರುದ್ದೇಶದಿಂದ ಮಾಡಿದ ಹಾನಿಯ ಸಾಲವನ್ನು ಈ ದೇಶದ ದಿವಾಳಿ ಕಾಯಿದೆ ಅಳಿಸಿಹಾಕುವುದಿಲ್ಲ.

ಎರಡನೆಯ ಕಥೆ ನನ್ನನ್ನು ಇಂದಿಗೂ ಕಾಡುವಂಥದು. 1992ರ ಅಕ್ಟೋಬರ್ 17ರ ಸಂಜೆ, ಲೂಯಿಸಿಯಾನಾದ ಬ್ಯಾಟನ್ ರೂಜಿನಲ್ಲಿ ವಿದ್ಯಾರ್ಥಿಯಾಗಿ ಬಂದಿದ್ದ ಹದಿನಾರು ವರ್ಷದ ಜಪಾನೀ ಹುಡುಗ ಯೋಶಿಹಿರೋ ಹತ್ತೋರಿ, ಬಿಳಿಯ ಸೂಟು ತೊಟ್ಟು ಹ್ಯಾಲೋವೀನ್ ಔತಣಕ್ಕೆಂದು ಹೊರಟವನು ಮನೆ ತಪ್ಪಿ ಬೇರೊಬ್ಬರ ಬಾಗಿಲಿಗೆ ಹೋದ. ಬಾಗಿಲು ತೆರೆದ ಗೃಹಿಣಿ ಹೆದರಿ ಮುಚ್ಚಿಕೊಂಡು ಗಂಡನನ್ನು ಕರೆದಳು. ಗಂಡ ದೊಡ್ಡದೊಂದು ರಿವಾಲ್ವರನ್ನು ಹಿಡಿದು ಹೊರಬಂದ. ಹಿಂತಿರುಗಿ ಹೋಗುತ್ತಿದ್ದ ಹುಡುಗ ಬಾಗಿಲ ಸದ್ದಿಗೆ ತಿರುಗಿ, ಔತಣಕ್ಕೆ ಬಂದೆವೆನ್ನುತ್ತ ಮುಂದೆ ಬಂದ. “ಫ್ರೀಜ್” ಎಂದು ಗೃಹಸ್ಥ ಕೂಗಿದ. ನೀರು ಹೆಪ್ಪುಗಟ್ಟುವುದನ್ನು ಹೇಳುವ ಆ ಶಬ್ದಕ್ಕೆ ನಿಂತಲ್ಲೇ ನಿಲ್ಲು ಎಂಬ ಅರ್ಥವುಂಟೆಂದು ಶಾಲೆಯಲ್ಲಿ ಇಂಗ್ಲಿಷ್ ಕಲಿತ ಪರದೇಶದ ಹುಡುಗನಿಗೆ ಹೇಗೆ ತಿಳಿಯಬೇಕು? ನಾನು ಈ ದೇಶಕ್ಕೆ ಬಂದ ಮೊದಲ ವರ್ಷ ನನಗೂ ತಿಳಿಯುತ್ತಿರಲಿಲ್ಲ. ಒಂದೇ ಗುಂಡು, ಎದೆಗೆ. ಮರುವರ್ಷ ಮೇ ತಿಂಗಳಲ್ಲಿ ಜೂರಿಯವರು ಮೂರು ಗಂಟೆಗಳ ಸಮಾಲೋಚನೆಯ ನಂತರ ಗೃಹಸ್ಥನನ್ನು ನಿರ್ದೋಷಿಯೆಂದರು. ಹುಡುಗನ ತಂದೆತಾಯಿ ಹೂಡಿದ ಸಿವಿಲ್ ದಾವೆಯಲ್ಲಿ 1994ರಲ್ಲಿ ನ್ಯಾಯಾಧೀಶರು ಅದೇ ಸಂಗತಿಗಳನ್ನು ಕೇಳಿ, ಆತ್ಮರಕ್ಷಣೆಯ ವಾದವನ್ನು ತಳ್ಳಿಹಾಕಿ, ಆರೂವರೆ ಲಕ್ಷ ಡಾಲರುಗಳಿಗೆ ಮೇಲ್ಪಟ್ಟ ಪರಿಹಾರ ಕೊಡಬೇಕೆಂದರು. ಅದರಲ್ಲಿ ವಿಮೆಯ ಕಂಪನಿ ತೆತ್ತದ್ದು ಒಂದು ಲಕ್ಷ. ಒಂದೇ ಗುಂಡಿಗೆ ಒಂದೇ ಊರಿನಲ್ಲಿ ಎರಡು ತೀರ್ಪು. ಎರಡೂ ಕಾನೂನಿಗೆ ಅನುಸಾರವಾಗಿಯೇ ಇದ್ದುವು, ಏಕೆಂದರೆ ಕ್ರಿಮಿನಲ್ ಮೊಕದ್ದಮೆಯ ತಕ್ಕಡಿ ಬೇರೆ, ಸಿವಿಲ್ ದಾವೆಯ ತಕ್ಕಡಿ ಬೇರೆ. ಹತ್ತೋರಿಯ ತಂದೆತಾಯಿ ಜಪಾನಿನಲ್ಲಿ ಸಂಗ್ರಹಿಸಿದ 17 ಲಕ್ಷ ಸಹಿಗಳನ್ನು ತಂದು ಅಧ್ಯಕ್ಷ ಕ್ಲಿಂಟನ್ನರಿಗೆ ಒಪ್ಪಿಸಿದರು.

ಆ ಕಥೆಯಲ್ಲಿ ಕೊಂದದ್ದು ಗುಂಡೆಷ್ಟೋ ಭಾಷೆಯೂ ಅಷ್ಟೇ ಎಂದು ನನಗನ್ನಿಸುತ್ತದೆ. ಭಾಷೆಯ ಕೆಲಸ ಮಾಡಿದವನಾದ್ದರಿಂದ ಈ ಒಂದು ಮಾತನ್ನು ಸ್ವಲ್ಪ ಬೆಳೆಸಿ ಹೇಳುತ್ತೇನೆ. ನಾವು ಎಷ್ಟೇ ವರ್ಷ ಇಂಗ್ಲಿಷಿನಲ್ಲಿ ಬದುಕಿದರೂ ಗಾಬರಿಯಾದಾಗ ಬಾಯಿಗೆ ಬರುವುದು ಕನ್ನಡವೇ. “ಅಯ್ಯೋ, ಹೊಡೆದುಬಿಟ್ಟೆ” ಎಂದು ಗೃಹಸ್ಥರೊಬ್ಬರು ಫೋನಿನಲ್ಲಿ ಕೂಗಿದರೆನ್ನಿ. ಆ “ಬಿಟ್ಟೆ”ಯಲ್ಲಿ ನಮಗೆ ಕೇಳಿಸುವುದು ಪಶ್ಚಾತ್ತಾಪ, ಕೈಮೀರಿ ಹೋದುದರ ದಿಗಿಲು. ಇಂಗ್ಲಿಷಿಗೆ ತಂದಾಗ ಉಳಿಯುವುದು ಹೊಡೆದೆ ಎಂಬ ಒಣ ಕ್ರಿಯಾಪದ. ಇನ್ನು ನಮ್ಮ ಸಹಜ ಸಮಾಧಾನದ ಮಾತಾದ “ಕೈತಪ್ಪಿ ಆಗಿಹೋಯಿತು” ಎಂಬುದಂತೂ ಅದಕ್ಕಿಂತ ಅಪಾಯಕರ. ಆತ್ಮರಕ್ಷಣೆಯೆಂಬುದು, ಕೃತ್ಯವನ್ನು ನಾನೇ ಬುದ್ಧಿಪೂರ್ವಕವಾಗಿ ಮಾಡಿದೆನೆಂದು ಒಪ್ಪಿಕೊಂಡು, ಮಾಡಿದ್ದಕ್ಕೆ ಕಾರಣವಿತ್ತೆಂದು ಸಮರ್ಥಿಸತಕ್ಕ ವಾದ. ಟೆಕ್ಸಸ್ಸಿನ ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಆಕಸ್ಮಿಕವೆಂದು ಒಮ್ಮೆ ಬಾಯಿಬಿಟ್ಟವನು ಆ ವಾದದ ಬುಡವನ್ನೇ ಕಡಿದುಕೊಂಡಂತೆ. ಒಮ್ಮೆ ಮನೆಜಗಳದ ಸಣ್ಣ ಮೊಕದ್ದಮೆಯೊಂದರಲ್ಲಿ, ಅಪ್ಪ ಮಗನಿಗೆ “ಕೊಂದುಹಾಕ್ತೀನಿ” ಎಂದು ಗದರಿಸಿದ ಮಾತನ್ನು ನಾನು ಇಂಗ್ಲಿಷಿಗೆ ತರಬೇಕಾಯಿತು. ನಮ್ಮ ತಾಯಂದಿರು ದಿನಕ್ಕೆ ಹತ್ತು ಸಲ ಅನ್ನುವ ಮಾತು. ವಿವರಣೆ ಸೇರಿಸಲು ದುಭಾಷಿಗೆ ಅಧಿಕಾರವಿಲ್ಲ; ಇದ್ದುದನ್ನಿದ್ದಂತೆ ಹೇಳಿದೆ. ನ್ಯಾಯಾಧೀಶರ ಹುಬ್ಬು ಮೇಲೇರಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಳ್ಳತನವಾದ ವಾರ ಸ್ನೇಹಿತರ ವಾಟ್ಸ್ಯಾಪ್ ಗುಂಪಿನಲ್ಲಿ “ಇನ್ನೊಂದ್ಸಲ ಬರಲಿ, ಸುಟ್ಟುಬಿಡ್ತೀನಿ” ಎಂದು ಬರೆದವರಿದ್ದರೆ, ಆ ಸಾಲೂ ಒಂದು ದಿನ ಇದೇ ರೀತಿ ಅನುವಾದಗೊಂಡು ಜೂರಿಯ ಮುಂದೆ ಓದಲ್ಪಡಬಹುದು. ಮಿತ್ರರು ಮಾತಾಡದೆ ತಮ್ಮ ಫೋನಿನ ಕಡೆ ನೋಡಿದರು.

ಮೌನವಾಗಿರುವ ಹಕ್ಕು ಸಂವಿಧಾನದಿಂದ ಬಂದದ್ದೇನೋ ಸರಿ. ಆದರೆ ಸುಮ್ಮನೆ ಸುಮ್ಮನಿದ್ದರೆ ಸಾಲದು, ಆ ಹಕ್ಕನ್ನು ಬಳಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕೆಂದು 2013ರ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರಿಂದ ತಿಳಿಯುತ್ತದೆ. ಅದೂ ಟೆಕ್ಸಸ್ಸಿನಿಂದ ಹೋದ ಮೊಕದ್ದಮೆಯೇ. ಗಾಯಾಳುವಿಗೆ ಆಂಬ್ಯುಲೆನ್ಸ್ ಬೇಕೆಂದು, ವಿಳಾಸ ಇದೆಂದು, ವಕೀಲರೊಡನೆ ಮಾತಾಡುವವರೆಗೆ ಹೆಚ್ಚಿಗೆ ಹೇಳಲಾರೆನೆಂದು ಹೇಳಿ ನಿಲ್ಲಿಸುವುದು ಲೇಸೆಂಬುದು ನಾನು ಕಂಡ ವಕೀಲರೆಲ್ಲರ ಮತ. ಅತಿಥಿಗೆ ಎಲ್ಲವನ್ನೂ ವಿವರಿಸಿ ಹೇಳುವ ನಮ್ಮ ಜನಕ್ಕೆ ಅದು ಸುಲಭವಲ್ಲ.

ಇಷ್ಟರಲ್ಲಿ ಮಿತ್ರರು ಧೈರ್ಯಕ್ಕೆಂಬಂತೆ, “ನಾನು ಊರಲ್ಲಿ ಇಲ್ಲದಾಗ ಇರಲಿ ಅಂತ ಭಾವಮೈದುನನ ಬೆರಳನ್ನೂ ಪೆಟ್ಟಿಗೆಗೆ ಹಾಕಿಸಿದ್ದೀನಿ ಸಾರ್” ಎಂದರು. ಅವರ ಪತ್ನಿಯ ತಮ್ಮ ಅದೇ ಮನೆಯ ಮಹಡಿಯ ಮೇಲಿದ್ದ ಹುಡುಗ, ಎರಡು ವರ್ಷದ ಹಿಂದೆ ಬಂದವನು. ಅವನ ವೀಸಾ ಯಾವುದೆಂದು ಕೇಳಿದೆ. ಎಚ್-1ಬಿ ಎಂದರು.

ಈ ಲೇಖನವನ್ನೋದುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ ಕಾಣೆ: ವಲಸೆಯೇತರ ವೀಸಾದ ಮೇಲೆ ಈ ದೇಶದಲ್ಲಿರತಕ್ಕವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ಸ್ವಾಧೀನದಲ್ಲಿಟ್ಟುಕೊಳ್ಳುವುದೇ ಫೆಡರಲ್ ಅಪರಾಧ, 2022ರ ತಿದ್ದುಪಡಿಯಾದ ಮೇಲೆ ಅದಕ್ಕೆ ಹದಿನೈದು ವರ್ಷಗಳವರೆಗೆ ಸೆರೆಮನೆ ವಿಧಿಸಬಹುದು. ಸ್ವಾಧೀನವೆಂದರೆ ಕೈಯಲ್ಲಿ ಹಿಡಿದಿರುವುದೆಂದೇ ಅಲ್ಲ. ಪೆಟ್ಟಿಗೆ ತೆರೆಯಬಲ್ಲ ಬೆರಳೂ ಸಾಕಾದೀತು. ಹಾಗಿರಲಾಗಿ ಆ ಹುಡುಗ ಅಕ್ಕನ ಮನೆಯನ್ನು ಉಳಿಸಲೆಂದು ನ್ಯಾಯವಾಗಿಯೇ ಗುಂಡು ಹಾರಿಸಿದನೆಂದು ಜೂರಿ ಒಪ್ಪಿದರೂ, ಹಾರಿಸಿದ ಆಯುಧ ಅವನ ಕೈಗೆ ಬಂದದ್ದು ಹೇಗೆಂಬ ಬೇರೊಂದು ಪ್ರಶ್ನೆ ಕಾದಿರುತ್ತದೆ. ಗ್ರೀನ್ ಕಾರ್ಡು ಉಳ್ಳವರು ಬಂದೂಕನ್ನು ಇಟ್ಟುಕೊಳ್ಳಬಹುದು. ಆದರೆ ಬಂದೂಕಿನ ಅಪರಾಧವೊಂದರಲ್ಲಿ ಶಿಕ್ಷೆಯಾದರೆ ಗಡೀಪಾರಿಗೆ ಅದೇ ಕಾರಣವಾಗುತ್ತದೆ. ಸರ್ಕಾರಿ ವಕೀಲರೊಡನೆ ರಾಜಿಯಾಗಿ ಸಣ್ಣ ತಪ್ಪನ್ನೊಪ್ಪಿಕೊಂಡು ಬೇಗ ಮುಗಿಸಿಕೊಳ್ಳೋಣವೆಂಬ ಆಸೆ ಯಾರಿಗಾದರೂ ಬರುವಂಥದು. ಹಾಗೆ ಒಪ್ಪಿಕೊಂಡರೆ ದೇಶ ಬಿಡಬೇಕಾದೀತೆಂಬುದನ್ನು ಕಕ್ಷಿಗಾರನಿಗೆ ಮುಂಚಿತವಾಗಿ ತಿಳಿಸುವುದು ವಕೀಲನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಪಡೀಯ ಎಂಬ ಹೊಂಡುರಾಸಿನವನ ಮೊಕದ್ದಮೆಯಲ್ಲಿ, ವಿಧಿಸಬೇಕಾಯಿತು. ನಲವತ್ತು ವರ್ಷ ಈ ದೇಶದಲ್ಲಿದ್ದು, ವಿಯೆಟ್ನಾಮಿನ ಯುದ್ಧದ ಕಾಲದಲ್ಲಿ ಇದರ ಸೈನ್ಯದಲ್ಲಿ ದುಡಿದಿದ್ದವನಿಗೂ ಗಡೀಪಾರಿನ ಭಯ ತಪ್ಪಿರಲಿಲ್ಲ.

“ಮೊದಲು ನನ್ನ ತಮ್ಮನ ಬೆರಳು ತೆಗೀರಿ” ಎಂದರು, ಆವರೆಗೆ ಸುಮ್ಮನಿದ್ದ ಗೃಹಿಣಿ. ಅಷ್ಟು ಹೊತ್ತಿನಲ್ಲಿ ಪೆಟ್ಟಿಗೆಯ ಕೈಪಿಡಿಯನ್ನು ಹುಡುಕಿ, ಅದರಲ್ಲಿ ಹೇಳಿದ ಗುಂಡಿಗಳನ್ನೊತ್ತಿ, ಗಂಡಹೆಂಡಿರಿಬ್ಬರೂ ಸೇರಿ ಅದನ್ನು ತೆಗೆದುಹಾಕಿದ ಮೇಲೆಯೇ ದೀಪವಾರಿಸಿದ್ದು. ಮರುದಿನ ಪೂಜೆಯ ಮೇಜಿನ ಮೇಲೆ ಬೀಗದಕೈ, ಲ್ಯಾಪ್‌ಟಾಪು, ಪಿಟೀಲು ಇದ್ದುವು, ಪಿಸ್ತೂಲು ಇರಲಿಲ್ಲ. ಮಾರಲಿಲ್ಲವಂತೆ, ಮಹಡಿಯ ಮೇಲೆಯೇ ಇದೆ. ಮಾರಬೇಕೆಂದು ನಾನೂ ಹೇಳಲಿಲ್ಲ. ಗಾಜೊಡೆದ ಬಾಗಿಲ ಹಿಂದೆ ಮಲಗತಕ್ಕವನು ನಾನಲ್ಲ.

ಇಲ್ಲಿನ ನಮ್ಮ ಕನ್ನಡ ಸಂಘಗಳಲ್ಲಿ ವರ್ಷಕ್ಕೊಮ್ಮೆ ಆದಾಯ ತೆರಿಗೆಯ ವಿಚಾರವಾಗಿ ಉಪನ್ಯಾಸವಿರುತ್ತದೆ, ಮಧುಮೇಹದ ವಿಚಾರವಾಗಿ ಇರುತ್ತದೆ, ಉಯಿಲಿನ ವಿಚಾರವಾಗಿಯೂ ಉಂಟು. ಈ ಸಲದ ರಾಜ್ಯೋತ್ಸವದ ಮಧ್ಯಾಹ್ನ, ಊಟಕ್ಕೂ ನಾಟಕಕ್ಕೂ ನಡುವೆ ಒಂದು ಗಂಟೆಯನ್ನು ಬಿಡಿಸಿಕೊಂಡು, ಕ್ರಿಮಿನಲ್ ವಕೀಲರೊಬ್ಬರನ್ನೂ ವಲಸೆ ಕಾನೂನಿನ ವಕೀಲರೊಬ್ಬರನ್ನೂ ಒಂದೇ ವೇದಿಕೆಗೆ ಕರೆಯಿಸಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ಬೇಡುತ್ತೇನೆ. ದುಭಾಷಿ ಬೇಕಾದಲ್ಲಿ ನಾನು ಬರುತ್ತೇನೆ.