ಇಂದಿನ ಧಮ್ಮ ಚಿಂತನೆ: ಹುರುಪಿನ ಕೊಂಬೆ





ಮೂರು ವರ್ಷದ ಹಿಂದೆ ಇದೇ ಗುಂಪಿಗೆ ನಾನೊಂದು ಫೋಟೊ ಹಾಕಿದ್ದೆ. ಕೆಲವರಿಗೆ ನೆನಪಿರಬಹುದು. ಕೆನಡಾದ ಮಿಸ್ಸಿಸಾಗಾದಲ್ಲಿರುವ ಮಗಳ ಮನೆ, ಮುಂದೆ ಎರಡು ಕುರ್ಚಿ ಹಾಕುವಷ್ಟು ಜಾಗದ ಕೈತೋಟ, ಅದರಲ್ಲಿ ತೇರಿನ ಆಕಾರದ ಒಂದು ಹಸಿರು ಗಿಡ. ಗಿಡದ ಒಂದು ಪಕ್ಕದಿಂದ ಒಂದೂವರೆ ಗೇಣು ಉದ್ದದ ಕೊಂಬೆಯೊಂದು ನೆಟ್ಟಗೆ ಮೇಲೆದ್ದಿತ್ತು. ಫೋಟೊ ಕೆಳಗೆ ‘ಇದೇ ವಿರಿಯ, ಇದೇ ಸಮ್ಮಾ ವಾಯಾಮ’ ಎಂದು ಬರೆದಿದ್ದೆ. ಹಲವರು ‘ಸಾಧು ಸಾಧು’ ಎಂದಿರಿ. ಇವತ್ತು ಆ ಫೋಟೊಗೆ ಒಂದು ತಿದ್ದುಪಡಿ ಹೇಳಬೇಕಾಗಿದೆ.

ಅದು ಕುಳ್ಳ ಆಲ್ಬರ್ಟಾ ಸ್ಪ್ರೂಸ್ ಎಂಬ ಗಿಡ. ಎಲೆಯ ಬದಲು ಸಣ್ಣ ಸಣ್ಣ ಸೂಜಿಗಳು, ಹಿಮ ಬಿದ್ದರೂ ಹಸಿರು ಹೋಗುವುದಿಲ್ಲ. ಇದರ ಮೂಲ ಬಿಳಿ ಸ್ಪ್ರೂಸ್. ಅದು ಕಾಡಿನಲ್ಲಿ 20-30 ಮೀಟರ್ ಬೆಳೆಯುವ ದೊಡ್ಡ ಮರ. 1904ರಲ್ಲಿ ಆಲ್ಬರ್ಟಾ ಪ್ರಾಂತ್ಯದ ಲಗ್ಗನ್ ಬಳಿ ಇಬ್ಬರು ಸಸ್ಯತಜ್ಞರಿಗೆ ಆ ಜಾತಿಯ ಕುಳ್ಳ ಗಿಡ ಕಣ್ಣಿಗೆ ಬಿತ್ತು. ಅಲ್ಲಿಂದ ಬಂದ ಗಿಡವನ್ನೇ ಕಡ್ಡಿ ನೆಟ್ಟು, ಬೇರು ಬರಿಸಿ ಜನ ಮನೆಯಂಗಳಕ್ಕೆ ತಂದರು. ವರ್ಷಕ್ಕೆ ಬೆಳೆಯುವುದು 5ರಿಂದ 10 ಸೆಂಟಿಮೀಟರ್ ಅಷ್ಟೇ. ಅದಕ್ಕೇ ಚಿಕ್ಕ ಜಾಗಕ್ಕೆ ಒಗ್ಗುತ್ತದೆ.

ಆರೈಕೆಯೂ ಹೆಚ್ಚೇನಿಲ್ಲ. ನೀರು ನಿಲ್ಲದ ಮಣ್ಣು, ಒಳ್ಳೆಯ ಬಿಸಿಲು, ಎಳೆಯ ಗಿಡವಿದ್ದಾಗ ಬೇಸಿಗೆಯಲ್ಲಿ ತಪ್ಪದೆ ನೀರು. ಒಣ ಸೆಕೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹತ್ತುತ್ತದೆ, ಆಗಾಗ ಪೈಪಿನಿಂದ ನೀರು ಚಿಮ್ಮಿಸಿ ಸೂಜಿಗಳ ಒಳಗೆಲ್ಲ ತೊಳೆಯಬೇಕು. ಆಕಾರಕ್ಕಾಗಿ ಕತ್ತರಿ ಹಾಕುವುದೇ ಬೇಡ, ತೇರಿನ ರೂಪ ತಾನಾಗಿಯೇ ಬರುತ್ತದೆ. ಕತ್ತರಿ ಬೇಕಾಗುವುದು ಒಂದು ಕಾರಣಕ್ಕೆ. ಒಮ್ಮೊಮ್ಮೆ ಗಿಡದ ಯಾವುದೋ ಒಂದು ಕಡೆಯಿಂದ ಹಳೆಯ ದೊಡ್ಡ ಮರದ ಗುಣ ಮರಳಿ ಬರುತ್ತದೆ. ಆ ಕೊಂಬೆಯ ಸೂಜಿ ಉದ್ದ, ಒರಟು, ಬೆಳವಣಿಗೆ ಹಲವು ಪಟ್ಟು ಜೋರು.

ಆ ದಿನ ಮಗಳು ಕತ್ತರಿ ಹಿಡಿದೇ ನಿಂತಿದ್ದಳು. ನಾನು ತಡೆದೆ. “ಚೆನ್ನಾಗಿ ಬೆಳೀತಿರೋದನ್ನ ಯಾಕಮ್ಮ ಕತ್ತರಿಸ್ತೀಯ? ಈಗ ತಾನೆ ಗಿಡಕ್ಕೆ ಶಕ್ತಿ ಬಂದಿದೆ” ಎಂದೆ. ಅಪ್ಪನ ಮಾತು ಮೀರಬಾರದೆಂದು ಅವಳು ಸುಮ್ಮನಾದಳು.

ಕಳೆದ ಬೇಸಿಗೆಯಲ್ಲಿ ಮತ್ತೆ ಹೋದಾಗ ಆ ಕೊಂಬೆ ನನ್ನ ತಲೆಯ ಮಟ್ಟ ದಾಟಿತ್ತು. ಅದರ ಪಕ್ಕದ ಹಸಿರು ನೆರಳಿಗೆ ಸೊರಗಿ, ಒಳಗಿನ ಕಂದು ಕಡ್ಡಿಗಳು ಕಾಣುತ್ತಿದ್ದವು.

ಬಂಧುಗಳೇ, ಇಲ್ಲಿ ನನ್ನ ಕಥೆಯನ್ನೂ ಹೇಳಬೇಕು. ಕೆಲಸದಲ್ಲಿದ್ದ ಕಾಲದಲ್ಲಿ ನಾನು ಮುಂಗೋಪಿ. ಈ ಬಳಗಕ್ಕೆ ಬಂದು, ದಿನಾ ಕೂತು ಉಸಿರು ನೋಡುತ್ತಾ ಹನ್ನೆರಡು ವರ್ಷದಲ್ಲಿ ಕೋಪ ಕುಗ್ಗಿತ್ತು. ಹೋಗಿಯೇ ಬಿಟ್ಟಿತು ಎಂದುಕೊಂಡಿದ್ದೆ. ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಹತ್ತು ವರ್ಷದ ಮೊಮ್ಮಗ ಊಟಕ್ಕೆ ಕರೆದರೂ ಮೊಬೈಲ್ ಬಿಟ್ಟು ಏಳಲಿಲ್ಲ. ನಾನು ಗದರಿದೆ. ಇಡೀ ಮನೆ ತಣ್ಣಗಾಯಿತು, ಹುಡುಗ ಎದ್ದು ಬಂದ. ನನಗೆ ಬೇಸರವಾಗಲಿಲ್ಲ, ಸಮಾಧಾನವಾಯಿತು. ‘ಮನೆಯಲ್ಲಿ ಒಬ್ಬರಾದರೂ ಬಿಗಿಯಾಗಿರಬೇಕು’ ಎಂದುಕೊಂಡೆ. ಮುಂದಿನ ವಾರ ಎರಡು ಸಲ, ಅದರ ಮುಂದಿನ ವಾರ ಲೆಕ್ಕವಿಲ್ಲ. ಒಮ್ಮೆ ಅಳಿಯಂದಿರ ಮೇಲೂ ದನಿ ಏರಿತು. ದಿನಾ ಮಲಗುವ ಮುಂಚೆ ಓಡಿ ಬಂದು “ತಾತಾ, ಗುಡ್ ನೈಟ್” ಎನ್ನುತ್ತಿದ್ದ ಹುಡುಗ ಬರುವುದನ್ನು ನಿಲ್ಲಿಸಿದ. ನಾನು ಹಾಲಿನಲ್ಲಿದ್ದೇನೆಯೇ ಎಂದು ಬಾಗಿಲ ಸಂದಿಯಿಂದ ಇಣುಕಿ ನೋಡಿ ಹಿಂದೆ ಸರಿಯುತ್ತಿದ್ದ.

ಒಂದು ಭಾನುವಾರ ಮಗಳು ಗರಗಸ ತಂದು ಆ ಕೊಂಬೆಯನ್ನು ಕೊಯ್ಯತೊಡಗಿದಳು. “ಇದಕ್ಕೆ ಏನು ರೋಗ ಬಂದಿತ್ತಮ್ಮ?” ಎಂದು ಕೇಳಿದೆ.

“ರೋಗ ಅಲ್ಲ ಅಪ್ಪ. ಅಜ್ಜ-ಮುತ್ತಜ್ಜನ ಗುಣ ವಾಪಸ್ ಬಂದಿದೆ. ಚೆನ್ನಾಗಿ ಕಾಣ್ಸತ್ತೆ, ಅದೇ ಕಷ್ಟ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ, “ಚಿಕ್ಕವಳಿದ್ದಾಗ ನಿಮ್ಮ ಚಪ್ಪಲಿ ಸದ್ದು ಕೇಳಿದ್ರೆ ನಾನು ಪುಸ್ತಕ ತೆಗೆದು ಕೂತ್ಕೋತಿದ್ದೆ” ಎಂದಳು. ಅಷ್ಟೇ. ನನಗೆ ಬಾಯಿ ಕಟ್ಟಿತು.

ಭಗವಾನರು ಇಂಥದ್ದಕ್ಕೆ *ಅನುಸಯ* ಎಂದು ಹೆಸರಿಟ್ಟರು. ಮನಸ್ಸಿನ ಆಳದಲ್ಲಿ ಮಲಗಿರುವ ಹಳೆಯ ಒಲವುಗಳು ಏಳು. ಅವುಗಳಲ್ಲಿ ದ್ವೇಷ, ಸಿಡುಕಿನ ಬೇರಾದ *ಪಟಿಘ* ಒಂದು. ಅದು ಎದ್ದಾಗ ‘ನಾನು ಕೋಪ’ ಎಂದು ಹೇಳಿಕೊಂಡು ಬರುವುದಿಲ್ಲ. ಶಿಸ್ತು, ಹಿರಿತನ, ನೇರ ನುಡಿ ಎಂಬ ಹೆಸರಿನಲ್ಲಿ ಬರುತ್ತದೆ. ಉಳಿದೆಲ್ಲ ಅಭ್ಯಾಸಗಳಿಗಿಂತ ಅದೇ ಹೆಚ್ಚು ಲವಲವಿಕೆಯಾಗಿ ಕಾಣುತ್ತದೆ. ಮೈತ್ರಿ ವರ್ಷಕ್ಕೆ ನಾಲ್ಕು ಬೆರಳು ಬೆಳೆದರೆ ಇದು ಒಂದು ಮೊಳ ಬೆಳೆಯುತ್ತದೆ.

ನನ್ನ ತಪ್ಪು ಇಲ್ಲೇ ಇತ್ತು. ಬರೀ ಹುರುಪನ್ನು ಕಂಡು ಸಮ್ಮಾ ವಾಯಾಮ ಎಂದೆ. ‘ಸಮ್ಮಾ’ ಇಲ್ಲದ ವಾಯಾಮ ಬರೀ ಬಲ. ಆ ಬಲ ಯಾವ ಕಡೆಗೆ ಎಂದು ಕೇಳುವುದೇ ಧಮ್ಮ. ಅದಕ್ಕಾಗಿಯೇ ಪ್ರಯತ್ನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ:

*1. ಸಂವರ* – ಹುಟ್ಟದ ಅಕುಶಲ ಹುಟ್ಟದಂತೆ ಕಾಯುವುದು. ಪ್ರತಿ ವಸಂತದಲ್ಲಿ ಗಿಡವನ್ನು ಸುತ್ತಿ ನೋಡುವಂತೆ.
*2. ಪಹಾನ* – ಹುಟ್ಟಿದ್ದನ್ನು ಬಿಡುವುದು. ತುದಿ ಚಿವುಟಿದರೆ ಸಾಲದು, ಹೊರಟ ಜಾಗದಲ್ಲೇ ಕತ್ತರಿಸಬೇಕು.
*3. ಭಾವನಾ* – ಹುಟ್ಟದ ಕುಶಲವನ್ನು ಹುಟ್ಟಿಸುವುದು. ಮಣ್ಣು ಹದ ಮಾಡಿ ಗಿಡ ನೆಡುವಂತೆ.
*4. ಅನುರಕ್ಖಣಾ* – ಹುಟ್ಟಿದ ಕುಶಲವನ್ನು ಕಾಪಾಡುವುದು. ನೀರು, ಬಿಸಿಲು, ನಿತ್ಯದ ಗಮನ.

ಇನ್ನೊಂದು ಮಾತು. ಕೊಂಬೆ ಕೊಯ್ಯುವವರಿಗೆ ಗಿಡದ ಮೇಲೆ ಸಿಟ್ಟಿರುವುದಿಲ್ಲ. ನಮ್ಮ ಮೇಲೆ ನಾವೇ ಸಿಡುಕಿಕೊಂಡರೆ ಅದೂ ಪಟಿಘವೇ. ಕಂಡಿತು, ಕತ್ತರಿಸಿದೆ, ಮತ್ತೆ ನೋಡುತ್ತಿರುತ್ತೇನೆ – ಅಷ್ಟು ಸಾಕು.

ಆ ರಾತ್ರಿ ನಾನೇ ಮೊಮ್ಮಗನ ಕೋಣೆಗೆ ಹೋಗಿ “ತಾತನದು ತಪ್ಪಾಯ್ತು ಕಣೋ” ಎಂದೆ. ಅವನು ಏನೂ ಹೇಳಲಿಲ್ಲ. ಮತ್ತೆ ಓಡಿ ಬರಲು ಮೂರು ವಾರ ಹಿಡಿಯಿತು. ಗಿಡದಲ್ಲಿ ಮಾತ್ರ ಆ ಖಾಲಿ ಜಾಗ ಹಾಗೇ ಇದೆ. ಈ ಜಾತಿಯಲ್ಲಿ ಬರಿದಾದ ಹಳೆಯ ಕಡ್ಡಿ ಮತ್ತೆ ಚಿಗುರುವುದಿಲ್ಲ. ಒಂದೂವರೆ ಗೇಣು ಇದ್ದಾಗಲೇ ಕತ್ತರಿಸಿದ್ದರೆ ಗಾಯ ಕಾಣುತ್ತಲೇ ಇರಲಿಲ್ಲ.

*ಇಂದಿನ ಅಭ್ಯಾಸ:* ಸಂಜೆ ಕೂತಾಗ ಐದು ನಿಮಿಷ ಹೀಗೆ ಕೇಳಿಕೊಳ್ಳೋಣ. ಈಚೆಗೆ ನನ್ನಲ್ಲಿ ಯಾವುದು ಜೋರಾಗಿ ಬೆಳೆಯುತ್ತಿದೆ? ಅದರ ಬಗ್ಗೆ ನನಗೆ ಹೆಮ್ಮೆಯಿದೆಯೇ? ಅದರ ನೆರಳಿನಲ್ಲಿ ಯಾರು ಸೊರಗುತ್ತಿದ್ದಾರೆ?

ಸಬ್ಬೇ ಸತ್ತಾ ಸುಖಿ ಹೋಂತು.
ಭವತು ಸಬ್ಬ ಮಂಗಲಂ.
ಸಾಧು ಸಾಧು ಸಾಧು 🙏🪷