ಪೆಟ್ಟಿಗೆಯ ಒಳಮೈ

ಮನುಷ್ಯನು ಮಾಡುವ ಪ್ರತಿಯೊಂದು ಕೆಲಸದಲ್ಲಿಯೂ ಕಣ್ಣಿಗೆ ಬೀಳುವ ಭಾಗವೆಂದೂ ಬೀಳದ ಭಾಗವೆಂದೂ ಎರಡುಂಟು. ಬೀಳುವ ಭಾಗವನ್ನು ಅಂದವಾಗಿ ಮಾಡಬೇಕೆಂಬುದಕ್ಕೆ ಉಪದೇಶ ಬೇಕಿಲ್ಲ. ಹೊಗಳಿಕೆಯ ಆಸೆಯೂ ತೆಗಳಿಕೆಯ ಭಯವೂ ಅದನ್ನು ನೋಡಿಕೊಳ್ಳುತ್ತವೆ. ಬೀಳದ ಭಾಗಕ್ಕೂ ಅಷ್ಟೇ ಶ್ರದ್ಧೆಯೇಕೆ? ಈ ಪ್ರಶ್ನೆಯ ವಿಚಾರಕ್ಕೆ, ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ಗರಗಸ ಹಿಡಿದು, ಪ್ಲೈವುಡ್ಡಿನಿಂದ ಸಬ್‌ವೂಫರಿನ ಪೆಟ್ಟಿಗೆಯನ್ನು ಕಟ್ಟಿಕೊಳ್ಳುವ ಹವ್ಯಾಸಿಯ ಕೆಲಸವು ಒಳ್ಳೆಯ ದೃಷ್ಟಾಂತವಾಗಿದೆ.

ಸಬ್‌ವೂಫರೆಂಬುದು ಸಂಗೀತದ ಅತಿ ತಗ್ಗಿನ ನಾದಗಳನ್ನು, ಎಂದರೆ ಸೆಕೆಂಡಿಗೆ ಸುಮಾರು 20ರಿಂದ 100 ಕಂಪನಗಳವರೆಗಿನವನ್ನು, ನುಡಿಸುವ ದೊಡ್ಡ ಸ್ಪೀಕರು. ಅದರ ಶಂಕುವು ಮುಂದಕ್ಕೆ ಸರಿದಾಗ ಮುಂದಣ ಗಾಳಿ ಒತ್ತಲ್ಪಡುತ್ತದೆ, ಹಿಂದಣ ಗಾಳಿ ಸಡಿಲುತ್ತದೆ. ಪರಸ್ಪರ ವಿರುದ್ಧವಾದ ಈ ಎರಡು ಅಲೆಗಳು ಕೂಡಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಆದಕಾರಣ ಪೆಟ್ಟಿಗೆಯು ಅಲಂಕಾರವಲ್ಲ. ಹಿಂದಣ ಅಲೆಯನ್ನು ತಡೆದು ನಿಲ್ಲಿಸುವ ಕೋಟೆ. ಅದರೊಳಗೆ ಮುಚ್ಚಿಟ್ಟ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗನ್ನಾಗಿ ಮಾಡಬಹುದೆಂದು ತೋರಿಸಿದವರು ಅಮೆರಿಕದ ಎಡ್ಗರ್ ವಿಲ್ಚರ್. ಅವರ ಸ್ಪೀಕರು 1954ರಲ್ಲಿ ಬೆಳಕಿಗೆ ಬಂದಿತು. ಮೊದಲ ಮಾದರಿಯ ಶಂಕುವಿನ ಮೆತುವಾದ ಅಂಚನ್ನು ಹಾಸಿಗೆಯ ಬಟ್ಟೆಯಿಂದ ಮಾಡಿದರು. ಅದರ ನಕ್ಷೆಯನ್ನು ಬರೆದವರು ಅವರ ಪತ್ನಿ. ಅನಂತರ ನೆವಿಲ್ ಥೀಲ್ 1961ರಲ್ಲಿಯೂ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಆಸ್ಟ್ರೇಲಿಯದಲ್ಲಿ ನಡಸಿದ ಗಣಿತವಿಚಾರದಿಂದ, ಹಲಗೆಯನ್ನು ಕೊಯ್ಯುವ ಮೊದಲೇ ಪೆಟ್ಟಿಗೆಯ ಅಳತೆಯನ್ನು ಲೆಕ್ಕಹಾಕುವುದು ಹವ್ಯಾಸಿಗೂ ಸಾಧ್ಯವಾಯಿತು.

ವೀಣೆಯ ಕೊಡವು ತಂತಿಯೊಡನೆ ತಾನೂ ದನಿಗೂಡಬೇಕು. ಅದು ಅದರ ಗುಣ. ಈ ಪೆಟ್ಟಿಗೆಯಾದರೋ ಮೌನವಾಗಿರಬೇಕು. ಅದರ ಮೈ ನಡುಗಿದರೆ, ವಾದ್ಯಗಾರನು ನುಡಿಸದ ದನಿಯೊಂದು ಸಂಗೀತದೊಡನೆ ಬೆರೆಯುತ್ತದೆ. ಅದಕ್ಕಾಗಿಯೇ 18 ಮಿಲಿಮೀಟರು ದಪ್ಪದ ಹಲಗೆ, ಒಳಗಿನ ಅಡ್ಡಪಟ್ಟಿ, ಸಂದುಸಂದಿಗೂ ಅಂಟು. ಪ್ಲೈವುಡ್ಡಿನ ಪದರಗಳು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗಿ ಕೂಡಿರುವುದರಿಂದ ಅದು ಸುಲಭವಾಗಿ ಸೊಟ್ಟಾಗದು. ಆದರೆ ಕೀಳು ಹಲಗೆಗಳ ಪದರಗಳೊಳಗೆ ಪೊಳ್ಳುಗಳು ಅಡಗಿರುವುದುಂಟು.

“ಒಳಗನ್ನು ಯಾರು ನೋಡುತ್ತಾರೆ? ಹೊರಗೆ ತೇಗದ ತೆಳುಪದರವನ್ನು ಅಂಟಿಸಿ ಮೆರುಗು ಕೊಟ್ಟರೆ ಸಾಲದೆ?” ಎಂದು ಕೇಳುವವರುಂಟು. ಗಾಳಿಯು ನೋಡುತ್ತದೆಂಬುದು ಇದಕ್ಕೆ ಮೊದಲನೆಯ ಸಮಾಧಾನ. ಶಂಕುವನ್ನು ಮೆಲ್ಲನೆ ಒಳಕ್ಕೊತ್ತಿ, ಕೆಲವು ಕ್ಷಣ ಹಿಡಿದು ಬಿಟ್ಟರೆ, ಬಿಗಿಯಾದ ಪೆಟ್ಟಿಗೆಯಲ್ಲಿ ಅದು ನಿಧಾನವಾಗಿ ಹಿಂದಿರುಗುವುದು. ಸೋರುವ ಪೆಟ್ಟಿಗೆಯಲ್ಲಿ ಥಟ್ಟನೆ.

ಆದರೆ ಈ ಸಮಾಧಾನವು ಪೂರ್ಣವಲ್ಲ. ಯಾವ ಕಿವಿಗೂ ತಿಳಿಯದಷ್ಟು ಸಣ್ಣ ದೋಷವಾದರೆ? ಸಿಕ್ಕಿಬೀಳುವ ಭಯವೇ ಪ್ರಾಮಾಣಿಕತೆಗೆ ಆಧಾರವಾಗಿದ್ದ ಪಕ್ಷದಲ್ಲಿ, ಭಯವಿಲ್ಲದೆಡೆಯಲ್ಲಿ ಪ್ರಾಮಾಣಿಕತೆಯೂ ಇರಲಾರದು. ಮನೆಯಲ್ಲಿ ಮಾಡಿಕೊಂಡ ಪೆಟ್ಟಿಗೆಯು ಉಪಯೋಗಕ್ಕೆ ಬರುವುದು ಇಲ್ಲಿಯೇ. ಅದನ್ನು ಮಾಡುವವನೂ ಪಡೆಯುವವನೂ ಒಬ್ಬನೇ. ಅಂಟು ತಾಗದ ಸಂದನ್ನು ಅವನು ಬಲ್ಲನು, ಮೋಸಹೋಗಲು ಬೇರೊಬ್ಬರಿಲ್ಲ. ಹೀಗೆ ಅನ್ಯಸಾಕ್ಷಿಯಿಲ್ಲದ ಕಡೆಯಲ್ಲಿ ಸಂದನ್ನು ಮತ್ತೆ ಬಿಚ್ಚಿ ಸರಿಪಡಿಸಿದವನಿಗೆ ಆ ಅಭ್ಯಾಸವು ಪೆಟ್ಟಿಗೆಯಲ್ಲಿಯೇ ಉಳಿಯುವುದಿಲ್ಲ; ನಾಳೆ ನೆರೆಯವನ ಲೆಕ್ಕವನ್ನು ಬರೆಯುವಾಗಲೂ ಅದೇ ಕೈ ಬರೆಯುವುದು.

ಶ್ರದ್ಧೆಯೆಂದರೆ ಅತಿರೇಕವೆಂದು ತಿಳಿಯಬಾರದು. ಒಳಗೆ ಉದ್ದ, ಅಗಲ, ಎತ್ತರ ಮೂರೂ 40 ಸೆಂಟಿಮೀಟರಾದ ಪೆಟ್ಟಿಗೆಯ ಅವಕಾಶವು 64 ಲೀಟರು. ಅಡ್ಡಪಟ್ಟಿ ಪ್ರತಿಯೊಂದೂ ಅದರಲ್ಲಿ ತನ್ನಷ್ಟನ್ನು ಕಳೆಯುತ್ತದೆ. ಲೆಕ್ಕವಿಲ್ಲದೆ ಪಟ್ಟಿಗಳನ್ನು ತುಂಬಿದವನು ಗಾಳಿಯ ಸ್ಥಳವನ್ನು ತನ್ನ ಹೆಮ್ಮೆಗೆ ಕೊಟ್ಟಂತಾಯಿತು. ಕಾಣದ ಕೆಲಸಕ್ಕೂ ಪ್ರಯೋಜನವೇ ಅಳತೆ.

ಮುಚ್ಚಳವು ಬಿದ್ದ ಮೇಲೆ ಅಡ್ಡಪಟ್ಟಿಯನ್ನು ಯಾರೂ ಕಾಣರು. ಕೆಲಸವು ಚೆನ್ನಾಗಿದ್ದಷ್ಟೂ ಕೇಳುವವರು ಪೆಟ್ಟಿಗೆಯನ್ನು ಮರೆತು ಮೃದಂಗದ ತೊಪ್ಪಿಯ ಗುಂಕಾರವನ್ನು ಮಾತ್ರ ಕೇಳುವರು. ಆ ಮರೆವನ್ನು ಅಗೌರವವೆಂದೆಣಿಸದೆ ಇರಬಲ್ಲವನಿಗೇ ಇಂತಹ ಕೆಲಸದಲ್ಲಿ ನೆಮ್ಮದಿಯುಂಟು.