ಭೂತಾಯಿಗೆ ಉಡಿ ತುಂಬುವುದು

ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ, ಅಂದರೆ ನೈವೇದ್ಯದ ಅನ್ನ, ಚೆಲ್ಲುವುದೇಕೆ ಎಂಬುದಕ್ಕೆ ರೈತರ ಬಾಯಲ್ಲಿ ಸಿದ್ಧವಾಗಿರುವ ಮಾತು ‘ಭೂತಾಯಿಗೆ ಉಡಿ ತುಂಬುವುದು’. ಕಾಗಿಣಾ ನದಿ ದಂಡೆಯ ದಂಡೋತಿ ಸೇರಿದಂತೆ ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯ ಎರೆಹೊಲಗಳಿಗೆಲ್ಲ ಈ ಅಮಾವಾಸ್ಯೆ ದೊಡ್ಡ ಹಬ್ಬ.

ಉಡಿ ತುಂಬುವುದು ಮನೆಯೊಳಗಿನ ಆಚಾರ. ಮುತ್ತೈದೆ ಸೆರಗೊಡ್ಡಿ ನಿಲ್ಲುತ್ತಾಳೆ. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಖಣ ಅದರೊಳಗೆ ಬೀಳುತ್ತವೆ. ಬಸುರಿಯ ಕುಬಸವಾದರೆ ಇದಕ್ಕೆ ಹಸಿರು ಸೀರೆ, ಹಸಿರು ಬಳೆ, ಬಯಕೆಯ ಊಟ ಕೂಡುತ್ತವೆ. ಮಾರ್ಗಶಿರದ ಈ ಅಮಾವಾಸ್ಯೆ ಬರುವುದು ಡಿಸೆಂಬರ್–ಜನವರಿಯಲ್ಲಿ. ಆಗ ಹಿಂಗಾರಿ ಜೋಳ ತೆನೆಗೆ ಬಂದಿರುತ್ತದೆ, ತೊಗರಿ ಕಾಯಿ ಬಲಿತಿರುತ್ತದೆ. ಹೊಲವನ್ನು ಬಸುರಿಯೆಂದು ಕರೆಯಲು ಇದಕ್ಕಿಂತ ತಕ್ಕ ಹೊತ್ತಿಲ್ಲ. ಹಾಗಾಗಿ ಸಜ್ಜೆ ಕಡಬು, ಬಗೆಬಗೆಯ ಕಾಳು–ಸೊಪ್ಪು ಕೂಡಿದ ಬಜ್ಜಿ, ಅಂಬಲಿ, ಹೋಳಿಗೆಗಳು ನೈವೇದ್ಯವೂ ಹೌದು, ಬಯಕೆಯ ಊಟವೂ ಹೌದು.

ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿದ ಮೇಲೆ ಒಬ್ಬರು ಅನ್ನ ಚೆಲ್ಲುತ್ತ ಬೆಳೆಯ ನಡುವೆ ಸಾಗುತ್ತಾರೆ. ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಹಿಂಬಾಲಿಸುತ್ತಾರೆ. ಒಬ್ಬರ ಕೂಗಿಗೆ ಮತ್ತೊಬ್ಬರ ಓಗೊಡುವಿಕೆ. ಕೂಗಿನ ನುಡಿ ಊರಿಂದೂರಿಗೆ ಬೇರೆ. ಕುಬಸದಲ್ಲಿ ಒಡ್ಡಿದ ಸೆರಗಿಗೆ ಬೀಳುವುದು ಇಲ್ಲಿ ಬದುವಿನಿಂದ ಬದುವಿಗೆ ಹರಡುತ್ತದೆ.

ಚೆಲ್ಲಿದ ಅನ್ನಕ್ಕೆ ಹಕ್ಕಿ ಬಂದು ಕಾಯಿಕೊರಕ ಹುಳು ತಿನ್ನುತ್ತವೆ, ಚರಗದ ಗುಟ್ಟೇ ಅದು ಎಂಬ ವಿವರಣೆ ಈಚೆಗೆ ಹೆಚ್ಚು ಕೇಳಿಬರುತ್ತದೆ. ಹಕ್ಕಿ ಬರುವುದು ನಿಜ. ಆದರೆ ತೊಗರಿಗೆ ಹುಳುವಿನ ಕಾಟ ಹೂವು, ಎಳೆಗಾಯಿಯ ಹಂತದಲ್ಲೇ ಜೋರು. ಎಳ್ಳ ಅಮಾವಾಸ್ಯೆಗೆ ಎಷ್ಟೋ ಹೊಲಗಳು ಆ ಹಂತ ದಾಟಿರುತ್ತವೆ. ಉಡಿಯ ಮಾತು ಮಾತ್ರ ಕ್ರಿಯೆಯ ಪ್ರತಿ ಅಂಗಕ್ಕೂ, ಅದರ ಕಾಲಕ್ಕೂ ಹೊಂದುತ್ತದೆ. ರೈತರ ವ್ಯಾಖ್ಯಾನವೇ ಹೆಚ್ಚು ಗಟ್ಟಿ.

ಚರಗ ಮುಗಿದ ಮೇಲೆ ಊಟ. ನೆಂಟರು, ನೆರೆಯವರು, ಹೊಲವಿಲ್ಲದವರು ಎಲ್ಲರಿಗೂ ಕರೆ ಇರುತ್ತದೆ. ಕುಬಸದಲ್ಲಿ ಬಸುರಿಯೊಬ್ಬಳೇ ಉಣ್ಣುವುದಿಲ್ಲವಲ್ಲ. ಗಡಿಯಾಚೆ ಮಹಾರಾಷ್ಟ್ರದ ಲಾತೂರು, ಧಾರಾಶಿವದ ಮರಾಠಿ ರೈತರೂ ಇದೇ ದಿನವನ್ನು ‘ವೇಳಾ ಅಮಾವಾಸ್ಯೆ’ ಎಂದು ಹೊಲದಲ್ಲಿಯೇ ಆಚರಿಸುತ್ತಾರೆ.